ಫ್ಯಾನು ದಾನಿಗಳದ್ದು, ಕರೆಂಟ್ ಬಿಲ್ ಯಾರದು?

ಸಮಾಜಸೇವೆಗೆ ಬರುವ ಹಣ ಹಿಂದೆಂದಿಗಿಂತ ಹೆಚ್ಚಿದೆ. ಅದರ ಬೆನ್ನಿಗೇ ಬರುವ ಷರತ್ತುಗಳೂ ಹೆಚ್ಚಿವೆ. ಕೊಡುವವರಿಗೂ ಕೆಲಸ ಮಾಡುವವರಿಗೂ ನಡುವೆ ನಂಬಿಕೆ ಎಷ್ಟಿದೆ, ಸಮಾನತೆ ಎಷ್ಟಿದೆ?

ಊರಿನ ಯಾವುದಾದರೂ ಶಾಲೆಯಲ್ಲೋ ಸಮುದಾಯ ಭವನದಲ್ಲೋ ವೃದ್ಧಾಶ್ರಮದಲ್ಲೋ ನಿಂತು ಒಮ್ಮೆ ತಲೆಯೆತ್ತಿ ನೋಡಿ. ಫ್ಯಾನಿನ ಮೂರು ರೆಕ್ಕೆಗಳ ಮೇಲೂ ದಾನಿಗಳ ಹೆಸರಿರುತ್ತದೆ. ಬೆಂಚಿನ ಬೆನ್ನಿಗೆ, ಸ್ಟೀಲ್ ಕೊಳಗದ ಕಂಠಕ್ಕೆ, ನೀರಿನ ಟ್ಯಾಂಕಿಗೆ, ಬೀರುವಿನ ಬಾಗಿಲಿಗೆ ಯಾರದೋ ಸ್ಮರಣಾರ್ಥದ ಬರಹ. ಹೆಸರು ಬರೆಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ, ಕೊಟ್ಟವರು ಕೊಟ್ಟಿದ್ದಾರೆ. ಆದರೆ ಆ ಫ್ಯಾನು ತಿರುಗಿಸುವ ಕರೆಂಟಿನ ಬಿಲ್ಲಿಗೆ ದಾನಿಗಳು ಸಿಗುವುದಿಲ್ಲ. ಟ್ಯಾಂಕು ತೊಳೆಯುವವರ ಕೂಲಿಗೆ, ಲೆಕ್ಕ ಬರೆಯುವವರ ಸಂಬಳಕ್ಕೆ, ಕಟ್ಟಡದ ಬಾಡಿಗೆಗೆ ಯಾರೂ ಫಲಕ ಹಾಕಿಸುವುದಿಲ್ಲ. ಹುಟ್ಟುಹಬ್ಬದ ದಿನ ಆಶ್ರಮದ ಮಕ್ಕಳಿಗೆ ಊಟ ಹಾಕಿಸುವವರು ಸಾಲಾಗಿ ನಿಂತಿರುತ್ತಾರೆ. ಆ ಮಕ್ಕಳನ್ನು ರಾತ್ರಿ ನೋಡಿಕೊಳ್ಳುವ ಆಯಾಳ ಆರು ತಿಂಗಳ ವೇತನ ಕೊಡುತ್ತೇನೆ ಎನ್ನುವವರು ಅಪರೂಪ.

ಕೋಟಿಗಳ ಲೆಕ್ಕದಲ್ಲಿ ನಡೆಯುವ ದಾನದ ಲೋಕದಲ್ಲೂ ನಡೆಯುತ್ತಿರುವುದು ಇದೇ. ಅಲ್ಲಿ ಫಲಕದ ಜಾಗದಲ್ಲಿ ಲೋಗೋ ಇರುತ್ತದೆ, ಕೊಳಗದ ಜಾಗದಲ್ಲಿ 'ಪ್ರಾಜೆಕ್ಟ್' ಇರುತ್ತದೆ. ಕಂಪನಿಯೋ ಟ್ರಸ್ಟೋ ಸರ್ಕಾರೇತರ ಸಂಸ್ಥೆಗೆ ಹಣ ಕೊಡುವಾಗ ಇಷ್ಟು ಮಕ್ಕಳಿಗೆ ಪುಸ್ತಕ, ಇಷ್ಟು ಹೆಂಗಸರಿಗೆ ತರಬೇತಿ, ಇಷ್ಟು ಕೆರೆಗಳ ಹೂಳು ಎಂದು ಕರಾರು ಮಾಡಿಕೊಳ್ಳುತ್ತದೆ. ಆ ಕೆಲಸ ಮಾಡುವ ಸಂಸ್ಥೆ ಬದುಕಿರುವುದು ಹೇಗೆ ಎಂಬುದು ಕರಾರಿನ ಹೊರಗೆ ಉಳಿಯುತ್ತದೆ.

ಶಾಸನದ ದಾನಿಗಳು ಬಲ್ಲರು

ಈ ವಿಚಾರದಲ್ಲಿ ನಮ್ಮ ಹಳೆಯ ದಾನಿಗಳು ಇನ್ನಷ್ಟು ವ್ಯವಹಾರಜ್ಞರಾಗಿದ್ದರು. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿ ಇರುವ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರನ ಕಾಲದ, 1058ರ ಶಾಸನವೊಂದಿದೆ. ದಂಡನಾಯಕ ಮಧುಸೂದನ ಅಲ್ಲಿ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರವನ್ನು ಕಟ್ಟಿಸಿದ. ವೇದ ಕಲಿಯುವ 200 ಮತ್ತು ಶಾಸ್ತ್ರ ಕಲಿಯುವ 52 ವಿದ್ಯಾರ್ಥಿಗಳಿಗೆ ವ್ಯವಸ್ಥೆಯಾಯಿತು. ಕಲಿಸುವವರಿಗೆ ಜೀವನೋಪಾಯ ಗೊತ್ತುಮಾಡಿದ್ದು ಸಹಜ. ಅದರ ಜೊತೆಗೆ ಓಲೆಗರಿಗಳನ್ನು ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಶಾಸನ ಹೆಸರಿಸುತ್ತದೆ. ಇಂದಿನ ಭಾಷೆಯಲ್ಲಿ ಅವರು ಗ್ರಂಥಪಾಲಕರು. ಇಂದಿನ ಫಂಡರ್‌ನ ಭಾಷೆಯಲ್ಲಿ 'ಓವರ್‌ಹೆಡ್'.

ದೇವಾಲಯಕ್ಕೆ, ಬಸದಿಗೆ, ಮಠಕ್ಕೆ ಭೂಮಿ ಬಿಟ್ಟ ಶಾಸನಗಳಲ್ಲಿ ನಂದಾದೀವಿಗೆ, ನೈವೇದ್ಯ, ಆಹಾರದಾನಗಳ ಜೊತೆ ಖಂಡಸ್ಫುಟಿತ ಜೀರ್ಣೋದ್ಧಾರವೂ ಮತ್ತೆ ಮತ್ತೆ ಕಾಣಿಸುತ್ತದೆ. ಒಡೆದದ್ದನ್ನು, ಬಿರುಕು ಬಿಟ್ಟದ್ದನ್ನು ದುರಸ್ತಿ ಮಾಡಲು ಮೊದಲೇ ತೆಗೆದಿಟ್ಟ ಆದಾಯ ಅದು. ಕಟ್ಟಿದ್ದು ಹಳತಾಗುತ್ತದೆ, ಅದನ್ನು ನಡೆಸಲು ಜನ ಬೇಕು, ಜನಕ್ಕೆ ಹೊಟ್ಟೆಯಿದೆ ಎಂಬ ಸರಳ ಸತ್ಯವನ್ನು ಆ ದಾನಿಗಳು ಕಲ್ಲಿನಲ್ಲಿ ಕೊರೆಸಿದ್ದರು.

ಹಾಗೆಂದು ಅದನ್ನು ಸುವರ್ಣಯುಗ ಎಂದು ಹೊಗಳಬೇಕಿಲ್ಲ. ಆ ದತ್ತಿಗಳ ಫಲ ಕೆಲವೇ ಜಾತಿಗಳ ಕೈಸೇರಿತು. ಆ ಭೂಮಿಯಲ್ಲಿ ಬೆವರು ಸುರಿಸಿದವರ ಮಕ್ಕಳಿಗೆ ಘಟಿಕಾಸ್ಥಾನದಲ್ಲಿ ಜಾಗವಿರಲಿಲ್ಲ. ಹಳೆಯ ದಾನದಲ್ಲಿ ನಂಬಿಕೆಯಿತ್ತು, ಸಮಾನತೆ ಇರಲಿಲ್ಲ. ಇವತ್ತಿನ ದಾನ ಸಮಾನತೆಯ ಮಾತಾಡುತ್ತದೆ, ನಂಬಲು ಮಾತ್ರ ಹಿಂಜರಿಯುತ್ತದೆ. ಎರಡೂ ಒಟ್ಟಿಗೆ ಬೇಕು ಎನ್ನುವುದೇ ಈಗಿನ ಬೇಡಿಕೆ.

ಎರಡು ಪರ್ಸೆಂಟ್‌ನ ಕಾಲ

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಭಾರತದ ದಾನದ ನಕ್ಷೆಯನ್ನೇ ಬದಲಿಸಿತು. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಮೊದಲ ವರ್ಷ ಸುಮಾರು 10 ಸಾವಿರ ಕೋಟಿ ಇದ್ದ ಈ ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಖರ್ಚು 2022–23ರ ಹೊತ್ತಿಗೆ ಸುಮಾರು 30 ಸಾವಿರ ಕೋಟಿಗೆ ಏರಿತು.

ಹಣ ಬಂತು, ಅದರ ಜೊತೆ ಕಂಪನಿಯ ಕ್ಯಾಲೆಂಡರ್ ಕೂಡ ಬಂತು. ಕಂಪನಿಯ ವರ್ಷ ಏಪ್ರಿಲ್‌ನಲ್ಲಿ ಹುಟ್ಟಿ ಮಾರ್ಚ್‌ನಲ್ಲಿ ಸಾಯುತ್ತದೆ. ಶಾಲೆಯ ವರ್ಷ ಶುರುವಾಗುವುದು ಮೇ ಕೊನೆಗೆ ಅಥವಾ ಜೂನ್‌ಗೆ. ರೈತನ ವರ್ಷ ಮೊದಲ ಮಳೆಗೆ. ಬಜೆಟ್ ಮಂಜೂರಾಗಿ, ಸಮಿತಿ ಕೂತು, ದಾಖಲೆ ಪರಿಶೀಲನೆಯಾಗಿ, ಒಪ್ಪಂದಪತ್ರಕ್ಕೆ (ಎಂಒಯು) ಸಹಿಬಿದ್ದು ಮೊದಲ ಕಂತು ಕೈಸೇರುವ ಹೊತ್ತಿಗೆ ಬಿತ್ತನೆ ಮುಗಿದಿರುತ್ತದೆ, ಶಾಲೆಯ ಮೊದಲ ಪರೀಕ್ಷೆಯೂ ಆಗಿರುತ್ತದೆ. ಆಮೇಲೆ ಫೆಬ್ರುವರಿಯಿಂದ ಫೋನು: ಉಳಿದದ್ದನ್ನು ಬೇಗ ಖರ್ಚು ಮಾಡಿ, ಬಿಲ್ಲು ಕಳಿಸಿ, ಯುಟಿಲೈಸೇಷನ್ ಸರ್ಟಿಫಿಕೇಟ್ ಕೊಡಿ. ಸಮಾಜದಲ್ಲಿ ಬದಲಾವಣೆ ತರುವ ಕೆಲಸವನ್ನು 'ಮಾರ್ಚ್ ಎಂಡ್' ನಿರ್ಧರಿಸುತ್ತದೆ.

ಸಿಎಸ್‌ಆರ್ ಅಧಿಕಾರಿಯನ್ನು ಇದಕ್ಕೆ ಬೈದು ಫಲವಿಲ್ಲ. 2021ರ ಜನವರಿಯಲ್ಲಿ ಬಂದ ತಿದ್ದುಪಡಿ ನಿಯಮಗಳ ಪ್ರಕಾರ, ಹಣ ಮಂಜೂರಾದ ಉದ್ದೇಶಕ್ಕೇ ಬಳಕೆಯಾಗಿದೆ ಎಂದು ಕಂಪನಿಯ ಮುಖ್ಯ ಹಣಕಾಸು ಅಧಿಕಾರಿ ಪ್ರಮಾಣೀಕರಿಸಬೇಕು. ಖರ್ಚಾಗದೆ ಉಳಿದ ಹಣಕ್ಕೆ ಪ್ರತ್ಯೇಕ ಖಾತೆ, ಗಡುವು, ತಪ್ಪಿದರೆ ದಂಡ ಇವೆ. ಹೆದರಿಕೆ ಕಾಯ್ದೆಯಿಂದಲೇ ಹುಟ್ಟಿ, ಕಂಪನಿಯ ಮೂಲಕ ಇಳಿದು, ಕೊನೆಗೆ ತಾಲ್ಲೂಕಿನ ಸಂಸ್ಥೆಯ ಲೆಕ್ಕಿಗರ ಮೇಜಿಗೆ ಬರುತ್ತದೆ.

ಆದರೆ ಕಾಯ್ದೆ ಹೇಳದ ಷರತ್ತುಗಳನ್ನೂ ಕಾಯ್ದೆಯ ಹೆಸರಲ್ಲಿ ಹೇರುವುದುಂಟು. ಆಡಳಿತ ವೆಚ್ಚ ಶೇ 5 ಮೀರಬಾರದು ಎಂಬ ನಿಯಮ ಕಂಪನಿಯ ಸ್ವಂತ ಸಿಎಸ್‌ಆರ್ ವಿಭಾಗದ ಖರ್ಚಿಗೆ ಸಂಬಂಧಿಸಿದ್ದು. ಅನುಷ್ಠಾನ ಮಾಡುವ ಸಂಸ್ಥೆಯ ನಿರ್ವಹಣಾ ವೆಚ್ಚಕ್ಕೆ ಅದು ಅನ್ವಯಿಸುವುದಿಲ್ಲ ಎಂದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯವೇ 2021ರಲ್ಲಿ ಸ್ಪಷ್ಟಪಡಿಸಿದೆ. ಆದರೂ 'ಐದು ಪರ್ಸೆಂಟ್‌ಗಿಂತ ಹೆಚ್ಚು ಕೊಡಲು ಬರುವುದಿಲ್ಲ, ಕಾನೂನಿದೆ' ಎಂಬ ಮಾತು ಮೀಟಿಂಗುಗಳಲ್ಲಿ ಇಂದಿಗೂ ಕೇಳುತ್ತದೆ. ಹಾಗೆಯೇ ಆರಂಭದ ವರ್ಷವನ್ನು ಬಿಟ್ಟು ಇನ್ನೂ ಮೂರು ವರ್ಷ ನಡೆಯುವ 'ಮುಂದುವರಿಯುವ ಯೋಜನೆ'ಗೆ ನಿಯಮದಲ್ಲೇ ಅವಕಾಶವಿದೆ. ಆದರೂ ಹನ್ನೊಂದು ತಿಂಗಳ ಕರಾರೇ ಕೆಲವರಿಗೆ ರೂಢಿ.

ಹಸಿವಿನ ಚಕ್ರ

2009ರಲ್ಲಿ 'ಸ್ಟ್ಯಾನ್‌ಫರ್ಡ್ ಸೋಶಿಯಲ್ ಇನ್ನೊವೇಶನ್ ರಿವ್ಯೂ' ಪತ್ರಿಕೆಯಲ್ಲಿ ಆ್ಯನ್ ಗಾಗಿನ್ಸ್ ಗ್ರೆಗರಿ ಮತ್ತು ಡಾನ್ ಹೊವರ್ಡ್ ಬರೆದ ಲೇಖನ ಈ ರೋಗಕ್ಕೊಂದು ಹೆಸರು ಕೊಟ್ಟಿತು: ಲಾಭರಹಿತ ಸಂಸ್ಥೆಗಳ ಹಸಿವಿನ ಚಕ್ರ. ದಾನಿ ಆಡಳಿತ ವೆಚ್ಚ ಕಡಿಮೆಯಿರಲಿ ಎಂದು ಬಯಸುತ್ತಾನೆ. ಹಣ ಕೈತಪ್ಪೀತೆಂಬ ಹೆದರಿಕೆಯಲ್ಲಿ ಸಂಸ್ಥೆ ನಿಜವಾದ ವೆಚ್ಚವನ್ನು ತಗ್ಗಿಸಿ ತೋರಿಸುತ್ತದೆ. ಆ ಸುಳ್ಳು ಲೆಕ್ಕ ನೋಡಿದ ಇನ್ನೊಬ್ಬ ದಾನಿ ಇಷ್ಟರಲ್ಲೇ ನಡೆಯುತ್ತದಲ್ಲ ಎಂದು ನಂಬುತ್ತಾನೆ. ಮುಂದಿನ ಸಲ ಇನ್ನೂ ಕಡಿಮೆ. ಒಳ್ಳೆಯ ಲೆಕ್ಕಿಗರಿಲ್ಲ, ಹಳೆಯ ಕಂಪ್ಯೂಟರು, ತರಬೇತಿಯಿಲ್ಲದ ಸಿಬ್ಬಂದಿ, ಎರಡು ವರ್ಷಕ್ಕೆ ಬಿಟ್ಟುಹೋಗುವ ಕಾರ್ಯಕರ್ತರು. ಕೆಲಸ ಸೊರಗಿದಾಗ 'ಈ ಎನ್‌ಜಿಒಗಳಿಗೆ ಸಾಮರ್ಥ್ಯವಿಲ್ಲ' ಎಂಬ ತೀರ್ಪು.

ಅಪನಂಬಿಕೆ ಸುಳ್ಳನ್ನು ಹುಟ್ಟಿಸುತ್ತದೆ, ಸುಳ್ಳು ಅಪನಂಬಿಕೆಯನ್ನು ಸಮರ್ಥಿಸುತ್ತದೆ. ಇಲ್ಲಿ ಪ್ರಾಮಾಣಿಕತೆಗೇ ಶಿಕ್ಷೆ. ತನ್ನ ನಿರ್ವಹಣಾ ವೆಚ್ಚ ಶೇ 20 ಎಂದು ನಿಜ ಹೇಳಿದ ಸಂಸ್ಥೆ ಪಟ್ಟಿಯಿಂದ ಹೊರಬೀಳುತ್ತದೆ. ಶೇ 7 ಎಂದು ಬರೆದು ಉಳಿದದ್ದನ್ನು ಬೇರೆ ತಲೆಬರಹಗಳಡಿ ಹಂಚಿಟ್ಟ ಸಂಸ್ಥೆ ಗೆಲ್ಲುತ್ತದೆ.

ಭಾರತದಲ್ಲಿ ಇದನ್ನು ಅಂಕಿಗಳಲ್ಲಿ ತೋರಿಸಿದ್ದು 'ಬ್ರಿಡ್ಜ್‌ಸ್ಪ್ಯಾನ್' ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನ. ಸಮೀಕ್ಷೆಗೆ ಉತ್ತರಿಸಿದ 388 ಸಂಸ್ಥೆಗಳಲ್ಲಿ ಶೇ 83ರಷ್ಟು, ಪರೋಕ್ಷ ವೆಚ್ಚಕ್ಕೆ ಹಣ ಸಿಗುವುದೇ ಕಷ್ಟ ಎಂದವು. ಹೆಸರಾಂತ 40 ಸಂಸ್ಥೆಗಳ ಲೆಕ್ಕಪತ್ರ ಬಿಡಿಸಿ ನೋಡಿದಾಗ ನಿಜವಾದ ಪರೋಕ್ಷ ವೆಚ್ಚ ಶೇ 5ರಿಂದ ಶೇ 51ರವರೆಗೆ ಇತ್ತು. ಈ ಅಂತರವೇ ಒಂದು ಪಾಠ. ಊಟ ಹಂಚುವ ಸಂಸ್ಥೆಗೂ ಕಾನೂನು ನೆರವು ಕೊಡುವ ಸಂಸ್ಥೆಗೂ, ಶಿಕ್ಷಕರಿಗೆ ತರಬೇತಿ ಕೊಡುವ ಸಂಸ್ಥೆಗೂ ಸಂಶೋಧನೆ ಮಾಡುವ ಸಂಸ್ಥೆಗೂ ಒಂದೇ ಶೇಕಡಾವಾರು ಮಿತಿ ಹಾಕುವುದು ತರ್ಕವಿಲ್ಲದ ಕೆಲಸ.

ನಬಾರ್ಡ್ ಕೊಟ್ಟ ಹತ್ತು ಲಕ್ಷ

ನಂಬಿ ಕೊಟ್ಟರೆ ಏನಾಗಬಹುದು ಎಂಬುದಕ್ಕೆ ದೂರದ ಉದಾಹರಣೆ ಬೇಡ. 1968ರಲ್ಲಿ ಟಿಬೆಟನ್ ನಿರಾಶ್ರಿತರ ಪುನರ್ವಸತಿಗಾಗಿ ಹುಟ್ಟಿದ ಮೈರಾಡ ಸಂಸ್ಥೆ ಎಂಬತ್ತರ ದಶಕಕ್ಕೆ ಹಳ್ಳಿಗಳ ಬಡತನದ ಕಡೆ ಹೊರಳಿತ್ತು. ಅದು ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು 1984–85ರ ಸುಮಾರಿಗೆ ಒಡೆಯತೊಡಗಿದವು. ಸದಸ್ಯರಿಗೆ ಸಂಘದ ಅಧ್ಯಕ್ಷರ ಮೇಲೆ ನಂಬಿಕೆಯಿರಲಿಲ್ಲ. ಸಾಲ ತೀರಿಸಲು ಅವರು ಸಿದ್ಧರಿದ್ದರು. ಆದರೆ ಸಹಕಾರ ಸಂಘಕ್ಕಲ್ಲ, ನಿಮಗೇ ಕೊಡುತ್ತೇವೆ ಎಂದು ಸಣ್ಣಸಣ್ಣ ಗುಂಪುಗಳಾಗಿ ಮೈರಾಡ ಬಳಿ ಬಂದರು. ನಮಗೆ ಬೇಡ, ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಎಂದಿತು ಸಂಸ್ಥೆ. ಒಬ್ಬರನ್ನೊಬ್ಬರು ಬಲ್ಲವರು, ಒಬ್ಬರ ಮಾತಿಗೆ ಇನ್ನೊಬ್ಬರು ಬೆಲೆ ಕೊಡುವವರು ತಾವಾಗಿ ಕೂಡಿಕೊಂಡ ಗುಂಪುಗಳು ಅವು.

ಗಮನಿಸಿ, ಇದು ಯಾವ ಪ್ರಪೋಸಲ್‌ನಲ್ಲೂ ಇರದಿದ್ದ ಫಲಿತಾಂಶ. ಇಂದಿನ ವರದಿ ನಮೂನೆಯಲ್ಲಿ ಸಹಕಾರ ಸಂಘ ಒಡೆದದ್ದು 'ಗುರಿ ಸಾಧಿಸಿಲ್ಲ' ಎಂಬ ಕೆಂಪು ಗೆರೆಯಾಗಿ ಕಾಣುತ್ತಿತ್ತು. ಅಂದು ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ ಅದರಲ್ಲಿ ಬೇರೇನನ್ನೋ ಕಂಡಿತು. 1987ರಲ್ಲಿ ಈ ಗುಂಪುಗಳ ಬಗ್ಗೆ ಪ್ರಯೋಗ ಮಾಡಿ ನೋಡಲು ಮೈರಾಡಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. ಆ ಹಣ ತರಬೇತಿಗೆ, ಗುಂಪಿನ ಉಳಿತಾಯಕ್ಕೆ ಸರಿಸಮನಾದ ಮೊತ್ತ ಸೇರಿಸಲು ಬಳಕೆಯಾಯಿತು. ಅಡಮಾನವಿಲ್ಲದ, ನೋಂದಣಿಯೂ ಆಗದ ಗುಂಪಿಗೆ ಬ್ಯಾಂಕು ಸಾಲ ಕೊಡಬಹುದೇ ಎಂಬ ಪ್ರಶ್ನೆ ಹುಟ್ಟಿತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಕಾರ್ಯಕ್ರಮ ಶುರುಮಾಡಿತು. ಬೇರೆ ರಾಜ್ಯಗಳಲ್ಲೂ ಇಂಥ ಪ್ರಯೋಗಗಳು ನಡೆದಿದ್ದವು. ಎಲ್ಲ ಶ್ರೇಯಸ್ಸೂ ಒಂದೇ ಅನುದಾನಕ್ಕೆ ಸಲ್ಲದು. ಆದರೂ ಇಂದು ದೇಶದ ಹಳ್ಳಿಹಳ್ಳಿಯಲ್ಲಿರುವ ಸ್ವಸಹಾಯ ಸಂಘಗಳ ವಂಶಾವಳಿ ಹುಡುಕಿದರೆ ದಕ್ಷಿಣ ಕರ್ನಾಟಕದ ಈ ಒಡೆದ ಸಹಕಾರ ಸಂಘಗಳು ಸಿಕ್ಕೇ ಸಿಗುತ್ತವೆ.

ಹೆಗ್ಗೋಡಿನ ಕಥೆಯೂ ಇದಕ್ಕೆ ಹತ್ತಿರ. 1949ರಲ್ಲಿ ಅಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಮ್ ಎಂಬತ್ತರ ದಶಕದ ಮೊದಲ ಭಾಗದಲ್ಲಿ ಫೋರ್ಡ್ ಫೌಂಡೇಶನ್ ನೆರವಿನಿಂದ 'ಜನಸ್ಪಂದನ' ಯೋಜನೆ ನಡೆಸಿತು. ಹಳ್ಳಿಗಳಿಗೆ ಒಳ್ಳೆಯ ಸಿನಿಮಾ, ರಂಗಶಿಬಿರ ಹೋದವು. ಅದು ಮುಗಿಯುವ ಹೊತ್ತಿಗೆ, 1985ರಲ್ಲಿ, ಊರೂರು ತಿರುಗುವ ನಾಟಕ ತಂಡ 'ತಿರುಗಾಟ' ಆರಂಭವಾಯಿತು. ಅನುದಾನದ ಅವಧಿ ಮುಗಿದರೂ ಕೆಲಸ ನಿಲ್ಲಲಿಲ್ಲ. ಹೊರಗಿನ ಹಣ ಬಂದಾಗಲೂ ಏನು ಮಾಡಬೇಕೆಂಬ ತೀರ್ಮಾನ ಹೆಗ್ಗೋಡಿನಲ್ಲೇ ಆಗುತ್ತಿದ್ದುದು ಅದಕ್ಕೆ ಕಾರಣ.

ಯಾರನ್ನು ನಂಬುತ್ತೇವೆ?

ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವ ವಸ್ತುವಲ್ಲ ನಂಬಿಕೆ. ತನ್ನಂತೆ ಮಾತಾಡುವವರನ್ನು, ತಾನು ಓದಿದ ಕಾಲೇಜಿನಲ್ಲಿ ಓದಿದವರನ್ನು ದಾನಿ ಬೇಗ ನಂಬುತ್ತಾನೆ. ಬೆಂಗಳೂರಿನ ಕಾನ್ಫರೆನ್ಸ್ ಹಾಲಿನಲ್ಲಿ ನಿರರ್ಗಳ ಇಂಗ್ಲಿಷಿನಲ್ಲಿ ಹದಿನೈದು ಸ್ಲೈಡ್ ತೋರಿಸಬಲ್ಲವರಿಗೆ ಹಣ ಸಿಗುತ್ತದೆ. ದೇವದುರ್ಗದಲ್ಲೋ ಹರಪನಹಳ್ಳಿಯಲ್ಲೋ ಇಪ್ಪತ್ತು ವರ್ಷ ದೇವದಾಸಿ ಕುಟುಂಬಗಳ ಜೊತೆ, ಕೂಲಿಕಾರರ ಜೊತೆ ಕೆಲಸ ಮಾಡಿದ ಮಹಿಳೆಗೆ ತನ್ನ ತಾಲ್ಲೂಕಿನ ಪ್ರತಿ ಓಣಿಯೂ ಗೊತ್ತು. 'ಥಿಯರಿ ಆಫ್ ಚೇಂಜ್' ಎಂಬ ಕಾಲಂ ತುಂಬುವುದು ಗೊತ್ತಿಲ್ಲ. ಅರ್ಜಿ ನಮೂನೆಯೇ ಇಲ್ಲಿ ಜರಡಿ. ಅದರಲ್ಲಿ ಉದುರಿಹೋಗುವವರು ಸಾಮಾನ್ಯವಾಗಿ ದಲಿತರು, ಆದಿವಾಸಿಗಳು, ಅಲೆಮಾರಿ ಸಮುದಾಯದವರು, ಕನ್ನಡ ಮಾತ್ರ ಬಲ್ಲವರು.

ಅಮೆರಿಕದಲ್ಲಿ ಇದನ್ನು ಬಣ್ಣದ ನೆಲೆಯಲ್ಲಿ ಅಳೆದು ನೋಡಿದ್ದಾರೆ. 'ಎಕೋಯಿಂಗ್ ಗ್ರೀನ್' ಮತ್ತು ಬ್ರಿಡ್ಜ್‌ಸ್ಪ್ಯಾನ್ 2020ರಲ್ಲಿ ಹೊರತಂದ ವಿಶ್ಲೇಷಣೆಯಲ್ಲಿ, ಕಪ್ಪು ಜನಾಂಗದವರು ನಡೆಸುವ ಸಂಸ್ಥೆಗಳ ಆದಾಯ ಬಿಳಿಯರು ನಡೆಸುವ ಅಂಥದೇ ಸಂಸ್ಥೆಗಳಿಗಿಂತ ಶೇ 24ರಷ್ಟು ಕಡಿಮೆಯಿತ್ತು. ಷರತ್ತಿಲ್ಲದೆ ಬಳಸಬಹುದಾದ ಆಸ್ತಿಯ ಲೆಕ್ಕಕ್ಕೆ ಬಂದರೆ ಆ ಅಂತರ ಶೇ 76. ಅಂದರೆ ಕಪ್ಪು ನಾಯಕರಿಗೆ ಯೋಜನೆಯ ಹಣವನ್ನಾದರೂ ಕೊಟ್ಟಾರು, 'ನಿಮಗೆ ಸರಿತೋರಿದಂತೆ ಬಳಸಿ' ಎಂಬ ಹಣ ಕೊಡುವುದಿಲ್ಲ. ನಮ್ಮಲ್ಲಿ ಬಣ್ಣದ ಜಾಗದಲ್ಲಿ ಜಾತಿ, ಭಾಷೆ, ಊರು ಇಟ್ಟು ಓದಿಕೊಳ್ಳಬಹುದು.

ಭೂಗೋಳದ ಅಸಮಾನತೆ ಬೇರೆ. ಕಂಪನಿ ಇರುವ ಪ್ರದೇಶಕ್ಕೆ ಆದ್ಯತೆ ಕೊಡಿ ಎಂದು ಕಾಯ್ದೆ ಹೇಳುವುದರಿಂದ ಮಹಾರಾಷ್ಟ್ರ, ಕರ್ನಾಟಕ, ಗುಜರಾತ್, ತಮಿಳುನಾಡಿನಂಥ ಕೈಗಾರಿಕಾ ರಾಜ್ಯಗಳಿಗೆ ಸಿಎಸ್‌ಆರ್ ಹಣ ಹೆಚ್ಚು ಹೋಗುತ್ತದೆ. ಅದು ಕಡ್ಡಾಯವಲ್ಲ, ನಿರ್ದೇಶನ ಮಾತ್ರ ಎಂದು ಸಚಿವಾಲಯ ಹೇಳಿದೆ. ಆದರೂ ಕಾರ್ಖಾನೆಯ ಗೇಟಿನಿಂದ ದೂರ ಹೋದಷ್ಟೂ ಹಣ ತೆಳುವಾಗುತ್ತದೆ. ರಾಜ್ಯದೊಳಗೂ ಬೆಂಗಳೂರಿನ ಸುತ್ತ ಇರುವ ಅನುಕೂಲ ಯಾದಗಿರಿಗಿಲ್ಲ.

ಸಣ್ಣ ಸಂಸ್ಥೆಗಳಿಗೆ ಇನ್ನೊಂದು ಬಾಗಿಲು ಮುಚ್ಚಿದ್ದು 2020ರಲ್ಲಿ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ಬಂದ ತಿದ್ದುಪಡಿ, ವಿದೇಶಿ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದನ್ನು ನಿಷೇಧಿಸಿತು. ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. ವಿದೇಶಿ ಹಣವೆಲ್ಲ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕೆಂದಿತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಈ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ದೊಡ್ಡ ಸಂಸ್ಥೆ ಹಣ ತಂದು, ಲೆಕ್ಕದ ಹೊಣೆ ಹೊತ್ತು, ತಾಲ್ಲೂಕಿನ ಹತ್ತು ಪುಟ್ಟ ಸಂಸ್ಥೆಗಳಿಗೆ ಹಂಚುತ್ತಿದ್ದ ದಾರಿ ಅಲ್ಲಿಗೆ ಕಡಿಯಿತು.

ಈ ಕೊರತೆ ತುಂಬುವ ಕೆಲವು ಪ್ರಯತ್ನಗಳು ದೇಶದೊಳಗಿನಿಂದಲೇ ಬಂದಿವೆ. ಎಡೆಲ್‌ಗಿವ್ ಫೌಂಡೇಶನ್ 2021ರಲ್ಲಿ 'ಗ್ರೋ ಫಂಡ್' ಹೆಸರಿನಲ್ಲಿ ಹಲವು ದಾನಿಗಳನ್ನು ಒಟ್ಟುಗೂಡಿಸಿ, 100 ತಳಮಟ್ಟದ ಸಂಸ್ಥೆಗಳಿಗೆ 100 ಕೋಟಿ ರೂಪಾಯಿ ಒದಗಿಸಲು ಹೊರಟಿತು. ಅದರ ಉದ್ದೇಶ ಹೊಸ ಯೋಜನೆಯಾಗಿರಲಿಲ್ಲ. ಕೋವಿಡ್ ನಂತರ ಸಂಸ್ಥೆಗಳು ನಿಂತುಕೊಳ್ಳಲು ಬೇಕಾದ ಸಂಬಳ, ವ್ಯವಸ್ಥೆ, ಸಾಮರ್ಥ್ಯ. ದಸ್ರಾ ಸಂಸ್ಥೆಯ 'ರೀಬಿಲ್ಡ್ ಇಂಡಿಯಾ ಫಂಡ್' ಅಂಚಿನ ಸಮುದಾಯದವರೇ ಮುನ್ನಡೆಸುವ ಸಂಸ್ಥೆಗಳನ್ನು ಹುಡುಕಿ ಹಣ ಕೊಡುತ್ತದೆ.

ದಾನಿಗಳ ಅಂಜಿಕೆಯೂ ಸುಳ್ಳಲ್ಲ

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಹೆಸರಿಗೆ ಮಾತ್ರ ಇರುವ ಟ್ರಸ್ಟುಗಳು, ಕುಟುಂಬದವರೇ ತುಂಬಿರುವ ಆಡಳಿತ ಮಂಡಳಿಗಳು, ಒಂದೇ ಬೋರ್‌ವೆಲ್ಲನ್ನು ಮೂವರು ದಾನಿಗಳಿಗೆ ತೋರಿಸಿದ ಫೋಟೊಗಳು ನಮ್ಮ ಕ್ಷೇತ್ರಕ್ಕೆ ಹೊಸವಲ್ಲ. 2015ರಲ್ಲಿ ಸಿಬಿಐ ಸುಪ್ರೀಂ ಕೋರ್ಟಿಗೆ ಕೊಟ್ಟ ಮಾಹಿತಿಯಂತೆ, 26 ರಾಜ್ಯಗಳ 22 ಲಕ್ಷಕ್ಕೂ ಹೆಚ್ಚು ಸಂಸ್ಥೆಗಳಲ್ಲಿ ವಾರ್ಷಿಕ ಲೆಕ್ಕಪತ್ರ ಸಲ್ಲಿಸಿದ್ದವು ಸುಮಾರು 2.23 ಲಕ್ಷ, ಅಂದರೆ ಹತ್ತರಲ್ಲಿ ಒಂದು. ಬಹಳಷ್ಟು ಸಂಸ್ಥೆಗಳು ಕೆಲಸವನ್ನೇ ನಿಲ್ಲಿಸಿರಬಹುದು. ಆದರೂ ದಾನಿ ಅನುಮಾನಪಟ್ಟರೆ ತಪ್ಪೆನ್ನಲಾಗದು.

ಲೆಕ್ಕ ಕೇಳಬಾರದು ಎಂಬುದು ಯಾವ ಮರ್ಯಾದಸ್ಥ ಸಂಸ್ಥೆಯ ವಾದವೂ ಅಲ್ಲ. ಲೆಕ್ಕ ಯಾರಿಗೆ, ಯಾವುದರ ಲೆಕ್ಕ ಎಂಬುದಷ್ಟೇ ಪ್ರಶ್ನೆ. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1990ರಲ್ಲಿ ಹುಟ್ಟಿದಾಗಿನಿಂದ ಸಾಂಸ್ಥಿಕ ದಾನಿಗಳ ಹಣವನ್ನು ಮುಟ್ಟದೆ ಜನರ ವಂತಿಗೆಯಲ್ಲೇ ನಡೆದುಬಂದಿದೆ. 1994ರಿಂದ ಅದು ನಡೆಸಿದ ಜನಸುನವಾಯಿ ಎಂಬ ಬಹಿರಂಗ ವಿಚಾರಣೆಗಳಲ್ಲಿ ಪಂಚಾಯಿತಿಯ ಖರ್ಚಿನ ದಾಖಲೆಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಲಾಯಿತು. ಕೂಲಿ ಪಟ್ಟಿಯಲ್ಲಿ ಸತ್ತವರ ಹೆಸರು ಸಿಕ್ಕಿತು. ಅದೇ ಹೋರಾಟ ಮಾಹಿತಿ ಹಕ್ಕಿನ ಕಾಯ್ದೆಗೆ ದಾರಿ ಮಾಡಿತು. ಸರ್ಕಾರದ ಲೆಕ್ಕ ಊರಿನ ಮುಂದೆ ಬರಬೇಕಾದರೆ ಸಂಸ್ಥೆಗಳ ಲೆಕ್ಕವೂ ಬರಬೇಕು. ದಾನಿಗೆ ತ್ರೈಮಾಸಿಕ ವರದಿ ಕಳಿಸುವ ಎಷ್ಟು ಸಂಸ್ಥೆಗಳು ತಾವು ಕೆಲಸ ಮಾಡುವ ಗ್ರಾಮಸಭೆಯಲ್ಲಿ ಆ ವರದಿಯನ್ನು ಕನ್ನಡದಲ್ಲಿ ಓದುತ್ತವೆ? ಕೊಡುವವರು ಮತ್ತು ಪಡೆಯುವವರ ನಡುವಿನ ಜಗಳದಲ್ಲಿ ಮೂರನೆಯವರಾದ ಊರಿನ ಜನ ಮರೆತುಹೋಗುತ್ತಾರೆ. ಅವರ ಫೋಟೊ ಮಾತ್ರ ಎಲ್ಲ ವರದಿಗಳ ಮುಖಪುಟದಲ್ಲಿರುತ್ತದೆ.

ಬದಲಾಗುತ್ತಿರುವ ಕೈಗಳು

ಜಗತ್ತಿನ ಬೇರೆಡೆ ದಾನದ ರೀತಿ ಬದಲಾಗುತ್ತಿದೆ. 2020ರಲ್ಲಿ ಅಮೆರಿಕದ ಕೆಲವು ಫೌಂಡೇಶನ್‌ಗಳು ಸೇರಿ ನಂಬಿಕೆ ಆಧಾರಿತ ದಾನದ ಯೋಜನೆಯೊಂದನ್ನು ಆರಂಭಿಸಿದವು. ಅವುಗಳಲ್ಲಿ ಮುಖ್ಯವಾದದ್ದು ಸ್ಯಾನ್ ಫ್ರಾನ್ಸಿಸ್ಕೊದ ವಿಟ್‌ಮನ್ ಇನ್‌ಸ್ಟಿಟ್ಯೂಟ್. ಹಲವು ವರ್ಷಗಳಿಗೆ ಷರತ್ತಿಲ್ಲದ ಹಣ ಕೊಡಿ, ಸಂಸ್ಥೆಯ ಬಗ್ಗೆ ತಿಳಿದುಕೊಳ್ಳುವ ಶ್ರಮ ನೀವೇ ಪಡಿ, ಕಾಗದಪತ್ರ ಕಡಿಮೆ ಮಾಡಿ, ಮುಚ್ಚುಮರೆಯಿಲ್ಲದೆ ಮಾತಾಡಿ, ನಿಮ್ಮ ಬಗ್ಗೆಯೂ ಅಭಿಪ್ರಾಯ ಕೇಳಿ ತಿದ್ದಿಕೊಳ್ಳಿ, ಚೆಕ್ಕಿನಾಚೆಗೂ ಜೊತೆಗಿರಿ ಎಂಬ ಆರು ನಡೆಗಳನ್ನು ಅದು ಮುಂದಿಟ್ಟಿತು.

ಅದೇ ವರ್ಷದಿಂದ ಅಮೆರಿಕದ ದಾನಿ ಮೆಕೆಂಝಿ ಸ್ಕಾಟ್ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದರು. ಅವರ ತಂಡ ಸದ್ದಿಲ್ಲದೆ ಸಂಸ್ಥೆಗಳನ್ನು ಪರಿಶೀಲಿಸಿ, ದೊಡ್ಡ ಮೊತ್ತವನ್ನು ಒಂದೇ ಸಲ, ನಿಮ್ಮಿಷ್ಟದಂತೆ ಬಳಸಿ ಎಂದು ಕೊಟ್ಟುಬಿಡುತ್ತಿತ್ತು. 2021ರ ಪಟ್ಟಿಯಲ್ಲಿ ನಮ್ಮ ಗೂಂಜ್, ಗಿವ್‌ ಇಂಡಿಯಾ ಸಂಸ್ಥೆಗಳೂ ಇದ್ದವು. ಒಮ್ಮೆಲೆ ಅಷ್ಟು ಹಣ ಬಂದರೆ ಸಂಸ್ಥೆಗಳು ಕೆಟ್ಟುಹೋಗುತ್ತವೆ ಎಂದು ಹೆದರಿದವರಿದ್ದರು. 'ಸೆಂಟರ್ ಫಾರ್ ಎಫೆಕ್ಟಿವ್ ಫಿಲಾಂತ್ರಪಿ' ನಡೆಸಿದ ಅಧ್ಯಯನದಲ್ಲಿ ಆ ಭಯ ನಿಜವಾಗಲಿಲ್ಲ. ಅರ್ಜಿ ಹಾಕುವ ದಾರಿಯೇ ಇಲ್ಲದ ಈ ಕ್ರಮವೂ ಒಂದು ಬಗೆಯ ಏಕಪಕ್ಷೀಯ ಅಧಿಕಾರ ಎಂಬ ಟೀಕೆಯಲ್ಲೂ ಹುರುಳಿತ್ತು. 2023ರಲ್ಲಿ ಸ್ಕಾಟ್ ಬಹಿರಂಗ ಅರ್ಜಿ ಕರೆದರು. ಮೊದಲ ಸುತ್ತಿನಲ್ಲಿ ಅರ್ಜಿದಾರ ಸಂಸ್ಥೆಗಳೇ ಪರಸ್ಪರ ಅರ್ಜಿಗಳನ್ನು ಓದಿ ಅಂಕ ಕೊಟ್ಟವು. 2024ರಲ್ಲಿ 361 ಸಂಸ್ಥೆಗಳಿಗೆ 64 ಕೋಟಿ ಡಾಲರ್ ಹೋಯಿತು.

ಬೆಂಗಳೂರಿಗೂ ಈ ಮಾತು ಹೊಸದಲ್ಲ. 2001ರಲ್ಲಿ ಆರಂಭವಾದ ಅಜೀಂ ಪ್ರೇಮ್‌ಜಿ ಫೌಂಡೇಶನ್ ತನ್ನ ಸ್ವಂತ ಕೆಲಸದ ಜೊತೆ ಹಲವು ಸಂಸ್ಥೆಗಳಿಗೆ ಬಹುವರ್ಷಗಳ ಅನುದಾನ ಕೊಡುತ್ತದೆ. 2019ರಲ್ಲಿ ಪ್ರೇಮ್‌ಜಿ ಇನ್ನೂ 52,750 ಕೋಟಿ ಮೌಲ್ಯದ ಷೇರುಗಳ ಆದಾಯವನ್ನು ಬಿಟ್ಟುಕೊಟ್ಟಾಗ ದತ್ತಿಯ ಒಟ್ಟು ಮೊತ್ತ 1.45 ಲಕ್ಷ ಕೋಟಿ ತಲುಪಿತು. ನೀರಿನ ಕೆಲಸಕ್ಕೆ 'ಅರ್ಘ್ಯಂ' ಕಟ್ಟಿದ ರೋಹಿಣಿ ನಿಲೇಕಣಿ, ದಾನಿ ಮೊದಲು ನಂಬಬೇಕು, ಹಿಡಿತ ಸಡಿಲಿಸಬೇಕು ಎಂದು ಬಹಿರಂಗವಾಗಿಯೇ ವಾದಿಸುತ್ತ ಬಂದವರು. ಕಾಯ್ದೆಯ ಕಟ್ಟಿಗೆ ಒಳಪಡದ ಇಂಥ ವೈಯಕ್ತಿಕ ಹಣವೇ ಹೊಸ ಪದ್ಧತಿಗೆ ದಾರಿ ತೋರಬೇಕು. ಕಂಪನಿಗಳು ಆ ದಾರಿ ಹಿಡಿಯಲು ಆಮೇಲೆ ಧೈರ್ಯ ಮಾಡಿಯಾವು.

ಕರಾರಿನಲ್ಲಿದೆ ಪರೀಕ್ಷೆ

ವೇದಿಕೆಯ ಮೇಲೆ 'ನಾವು ಪಾಲುದಾರರು' ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವೋ ಎಂದು ತಿಳಿಯಲು ಎಂಒಯು ಬಿಡಿಸಿ ನೋಡಿದರೆ ಸಾಕು. ಕರಾರು ಮುರಿಯುವ ಹಕ್ಕು ಇಬ್ಬರಿಗೂ ಇದೆಯೇ, ಒಬ್ಬರಿಗೆ ಮಾತ್ರವೇ? ವರದಿ ತಡವಾದರೆ ಕಂತು ನಿಲ್ಲುತ್ತದೆ. ಕಂತು ತಡವಾದರೆ ಯಾರಿಗೆ ಏನಾಗುತ್ತದೆ? ಮಳೆ ಬಾರದೆ ಯೋಜನೆ ಬದಲಿಸಬೇಕಾದರೆ ಯಾರ ಒಪ್ಪಿಗೆ, ಎಷ್ಟು ದಿನದಲ್ಲಿ? ಸಿಬ್ಬಂದಿಯ ಪಿಎಫ್, ಹೆರಿಗೆ ರಜೆ, ಗ್ರಾಚ್ಯುಟಿಗೆ ಬಜೆಟ್ಟಿನಲ್ಲಿ ಜಾಗವಿದೆಯೇ? ಹಣ ನಿಲ್ಲಿಸುವ ಮುನ್ನ ಒಂದು ವರ್ಷದ ಮುನ್ಸೂಚನೆ ಇದೆಯೇ? ಈ ಐದು ಪ್ರಶ್ನೆಗಳಿಗೆ ಸಿಗುವ ಉತ್ತರವೇ ಆ ದಾನಿ ಮತ್ತು ಸಂಸ್ಥೆಯ ನಡುವಿನ ನಂಬಿಕೆಯ ಪ್ರಮಾಣ.

ಕಾಯ್ದೆ ತಿದ್ದುವ ತನಕ ಕಾಯದೆ ಮಾಡಬಹುದಾದದ್ದು ಬಹಳ ಇದೆ. ಕರ್ನಾಟಕದಲ್ಲಿ ಹಣ ಕೊಡುವ ಪ್ರತಿ ಕಂಪನಿಯೂ ಫೌಂಡೇಶನ್ನೂ ಕನ್ನಡದಲ್ಲಿ ಬರೆದ ಅರ್ಜಿ, ಕನ್ನಡದಲ್ಲಿ ಬರೆದ ವರದಿ ಸ್ವೀಕರಿಸಲಿ. ಅನುವಾದದ ಖರ್ಚು ಕೊಡುವವರದಾಗಲಿ. ಒಂದೇ ಸಂಸ್ಥೆಗೆ ಐವರು ದಾನಿಗಳಿದ್ದರೆ ಐದು ನಮೂನೆಯ ಬದಲು ಒಂದೇ ವರದಿ ಸಾಕೆಂದು ಅವರು ಕೂತು ಒಪ್ಪಿಕೊಳ್ಳಲಿ. ಆಯ್ಕೆ ಸಮಿತಿಯಲ್ಲಿ ಕೆಲಸ ನಡೆಯುವ ಸಮುದಾಯದವರಿಗೂ ಕುರ್ಚಿ ಇರಲಿ. ಸಂಸ್ಥೆಗಳು ತಮ್ಮ ಪೂರ್ತಿ ಖರ್ಚನ್ನು ಧೈರ್ಯವಾಗಿ ಬರೆಯಲಿ, ಕೆಟ್ಟ ಸುದ್ದಿಯನ್ನು ಮುಚ್ಚಿಡದೆ ಮೊದಲು ತಾವೇ ಹೇಳಲಿ, ಲೆಕ್ಕಪತ್ರವನ್ನು ಗ್ರಾಮಸಭೆಯ ಮುಂದಿಡಲಿ.

ಓದುಗರಿಗೂ ಒಂದು ಮಾತು. ದೊಡ್ಡ ದಾನಿಗಳನ್ನು ಟೀಕಿಸುವುದು ಸುಲಭ. ನಾವು ವರ್ಷಕ್ಕೆ ಎರಡು ಸಾವಿರವೋ ಹತ್ತು ಸಾವಿರವೋ ಕೊಡುವಾಗಲೂ ಇದೇ ನಿಯಮ ಅನ್ವಯಿಸುತ್ತದೆ. ನಿಮಗೆ ಗೊತ್ತಿರುವ, ನೀವು ಹೋಗಿ ನೋಡಿರುವ ಒಂದು ಸಂಸ್ಥೆಯನ್ನು ಆರಿಸಿಕೊಳ್ಳಿ. ಅದರ ಹಿಂದಿನ ವರ್ಷದ ಆಡಿಟ್ ವರದಿ ಕೇಳಿ ಓದಿ. ಮನಸ್ಸಿಗೆ ಒಪ್ಪಿದರೆ ತಿಂಗಳಿಗೆ ಇಷ್ಟೆಂದು ಮೂರು ವರ್ಷ ಕೊಡುತ್ತೇನೆ, ಸಂಬಳಕ್ಕಾದರೂ ಬಾಡಿಗೆಗಾದರೂ ಬಳಸಿಕೊಳ್ಳಿ ಎಂದು ಹೇಳಿ, ಹೇಳಿದಂತೆ ಕೊಡಿ.